ಕುಡಿದು ಗಾಡಿ ಓಡಿಸಿದರೆ ದಂಡ ಹತ್ತು ಸಾವಿರ. ಮನೆಗಳು ಕಟ್ಟುತ್ತಿರುವ ಬೆಲೆ ಎಷ್ಟು?

ಚಿಕ್ಕಬಳ್ಳಾಪುರ: 2025ರ ಅಕ್ಟೋಬರ್ 24, ನಸುಕಿನ ಮೂರು ಗಂಟೆಯ ಹೊತ್ತು. ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ಸೊಂದು ಕರ್ನೂಲು ಹತ್ತಿರದ ಚಿನ್ನಟೇಕೂರು ಬಳಿ ಹೊತ್ತಿ ಉರಿಯಿತು. ಮಲಗಿದ್ದ ಪ್ರಯಾಣಿಕರಲ್ಲಿ 19 ಜನ ಹೊರಗೆ ಬರಲೇ ಇಲ್ಲ. ಬಸ್ಸಿಗಿಂತ ಸ್ವಲ್ಪ ಮುಂಚೆ ಅದೇ ಜಾಗದಲ್ಲಿ ಒಂದು ಬೈಕ್ ಜಾರಿ ಬಿದ್ದು, ಸವಾರ ಡಿವೈಡರ್‌ಗೆ ಬಡಿದು ಸತ್ತಿದ್ದ. ರಸ್ತೆ ಮೇಲೆ ಬಿದ್ದಿದ್ದ ಆ ಬೈಕನ್ನು ಬಸ್ಸು ಎಳೆದುಕೊಂಡು ಹೋದಾಗ ಬೆಂಕಿ ಹತ್ತಿತು ಎಂದು ಪೊಲೀಸರು ಹೇಳಿದರು. ಬೈಕ್ ಸವಾರ ಕುಡಿದಿದ್ದ ಅನ್ನೋದು ಆಮೇಲೆ ಪ್ರಯೋಗಾಲಯದ ವರದಿಯಲ್ಲಿ ಗೊತ್ತಾಯಿತು.

ಬಸ್ಸಿನ ಒಳವಿನ್ಯಾಸ, ತುರ್ತು ಬಾಗಿಲು, ಚಾಲಕನ ಜವಾಬ್ದಾರಿ, ಇವೆಲ್ಲದರ ಮೇಲೂ ಪ್ರಶ್ನೆಗಳೆದ್ದವು. ಏಳಬೇಕಾದ್ದೇ. ಆದರೆ ಶುರುವಾಗಿದ್ದು ಒಂದು ಬೈಕ್‌ನಿಂದ, ಕುಡಿದು ಹ್ಯಾಂಡಲ್ ಹಿಡಿದ ಒಬ್ಬ ಯುವಕನಿಂದ.

ಇದು ಜಿಲ್ಲೆಗೆ ದೂರದ ಸುದ್ದಿ ಅಲ್ಲ. ಅದೇ ರಾಷ್ಟ್ರೀಯ ಹೆದ್ದಾರಿ 44 ಆಂಧ್ರ ದಾಟಿ ಕರ್ನಾಟಕಕ್ಕೆ ಕಾಲಿಡೋದೇ ಬಾಗೇಪಲ್ಲಿ ತಾಲ್ಲೂಕಿನಲ್ಲಿ. ಆ ಬಸ್ಸು ಬಾಗೇಪಲ್ಲಿ, ಪೇರೇಸಂದ್ರ, ಚಿಕ್ಕಬಳ್ಳಾಪುರ ಮೇಲೆಯೇ ಬೆಂಗಳೂರು ಸೇರಬೇಕಿತ್ತು. ಅಂಥ ಹತ್ತಾರು ಬಸ್ಸುಗಳು ದಿನಾ ರಾತ್ರಿ ಇಲ್ಲಿಂದ ಹಾದು ಹೋಗುತ್ತವೆ. ಅದೇ ರಸ್ತೆಗೆ ಸರ್ವಿಸ್ ರೋಡಿನಿಂದ, ಡಾಬಾ ಮುಂದಿನಿಂದ, ಊರಿನ ಅಡ್ಡರಸ್ತೆಯಿಂದ ಬೈಕುಗಳೂ ಹತ್ತುತ್ತವೆ. ‘ಇಲ್ಲೇ ಎರಡು ಕಿಲೋಮೀಟರ್, ಏನಾಗಲ್ಲ’ ಅನ್ನುವ ಮಾತು ಇಲ್ಲಿಯೂ ಹೊಸದಲ್ಲ.

ಸರ್ಕಾರಿ ಲೆಕ್ಕದಲ್ಲಿ ಯಾಕೆ ಕಾಣಿಸಲ್ಲ?

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದರಲ್ಲಿ ‘ಅತಿವೇಗ’ ಎಂದು ಬರೆದಿರುವ ಸಾವುಗಳು ನೂರಕ್ಕೆ 70ಕ್ಕೂ ಹೆಚ್ಚು. ‘ಕುಡಿತ’ ಎಂದು ಬರೆದಿರುವುದು ನೂರಕ್ಕೆ ಎರಡೂವರೆಯ ಆಸುಪಾಸು ಮಾತ್ರ. ಇಷ್ಟೇ ನೋಡಿದರೆ ಕುಡಿತ ಸಣ್ಣ ಸಮಸ್ಯೆ ಅನ್ನಿಸಬಹುದು.

ಆದರೆ ಈ ಲೆಕ್ಕ ಹೇಗೆ ಹುಟ್ಟುತ್ತದೆ ಅಂತ ನೋಡಬೇಕು. ಅಪಘಾತ ಆದಾಗ ಎಫ್‌ಐಆರ್‌ನಲ್ಲಿ ಸಾಮಾನ್ಯವಾಗಿ ಬರೆಯುವುದು ‘ಅತಿವೇಗ ಮತ್ತು ಅಜಾಗರೂಕತೆ’ ಎಂದು. ಅತಿವೇಗ ಯಾಕೆ ಬಂತು, ಬ್ರೇಕ್ ಹಾಕಲು ಯಾಕೆ ತಡವಾಯಿತು ಅನ್ನೋದಕ್ಕೆ ಉಸಿರು ಅಥವಾ ರಕ್ತದ ಪರೀಕ್ಷೆ ಬೇಕು. ಅದು ಬೇಗ ಆಗಬೇಕು. ಕುಡಿದದ್ದು ರಕ್ತದಿಂದ ಗಂಟೆಗಂಟೆಗೂ ಇಳಿಯುತ್ತಾ ಹೋಗುತ್ತದೆ. ಡಿಕ್ಕಿ ಹೊಡೆದವನು ಗಾಡಿ ಬಿಟ್ಟು ಓಡಿಹೋಗಿ, ಮಾರನೇ ದಿನ ಮಧ್ಯಾಹ್ನ ಯಾರನ್ನೋ ಜೊತೆಗೆ ಕರೆದುಕೊಂಡು ಠಾಣೆಗೆ ಬಂದರೆ ಆಗ ಊದಿಸಿದರೂ ಸೊನ್ನೆ. ರಕ್ತ ತೆಗೆದರೂ ಸೊನ್ನೆ. ಕಾಗದದಲ್ಲಿ ಅವನು ಕುಡಿದೇ ಇರಲಿಲ್ಲ.

ಹಾಗಾಗಿ ಆ ಎರಡೂವರೆ ಅನ್ನೋದು ಕುಡಿದವರ ಲೆಕ್ಕ ಅಲ್ಲ. ಸಿಕ್ಕಿಬಿದ್ದವರ, ಪರೀಕ್ಷೆ ಆದವರ ಲೆಕ್ಕ.

‘ಎರಡೇ ಪೆಗ್’ ಅನ್ನುವ ಲೆಕ್ಕ

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮಿತಿ ಇರುವುದು 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿ ಗ್ರಾಂ ಆಲ್ಕೋಹಾಲ್. ಇದು ಎಷ್ಟು ಕಮ್ಮಿ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 65 ಕೆಜಿ ತೂಕದ ಗಂಡಸು 60 ಮಿಲಿ ವಿಸ್ಕಿ ಒಂದೇ ಸಲ ಹಾಕಿದರೂ ಈ ಮಿತಿ ದಾಟುವ ಸಾಧ್ಯತೆ ಇದೆ. 90ರ ಟೆಟ್ರಾ ಪ್ಯಾಕ್ ಆದರೆ ಮಿತಿಯ ಎರಡರಷ್ಟು. ಕ್ವಾರ್ಟರ್, ಅಂದರೆ 180 ಮಿಲಿ ಆದರೆ 130-140ರ ಹತ್ತಿರ. ದೇಹ, ಊಟ, ಅಭ್ಯಾಸದ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು, ಅಷ್ಟೆ.

ಇಳಿಯುವ ಲೆಕ್ಕ ಇನ್ನೂ ಮುಖ್ಯ. ಸಾಮಾನ್ಯ ದೇಹ ಗಂಟೆಗೆ ಸುಮಾರು 15 ಮಿಲಿ ಗ್ರಾಂನಷ್ಟು ಮಾತ್ರ ಇಳಿಸುತ್ತದೆ. ಮಜ್ಜಿಗೆ, ನಿಂಬೆಹಣ್ಣಿನ ರಸ, ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ, ಯಾವುದೂ ಇದನ್ನು ಜೋರು ಮಾಡಲ್ಲ. ಬಾಯಿ ವಾಸನೆ ಹೋಗಬಹುದು, ರಕ್ತದಲ್ಲಿರೋದು ಹೋಗಲ್ಲ.

ಈ ಜಿಲ್ಲೆಗೆ ಇದು ನೇರವಾಗಿ ತಟ್ಟುತ್ತದೆ. ಹೂವು, ತರಕಾರಿ, ಟೊಮೆಟೊ, ರೇಷ್ಮೆಗೂಡು ಅಂತ ಇಲ್ಲಿನ ದುಡಿಮೆ ಶುರುವಾಗೋದೇ ಬೆಳಕು ಹರಿಯೋ ಮುಂಚೆ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗಿನ ಜಾವ 4ಕ್ಕೆ ಎದ್ದು ಗೂಡ್ಸ್ ಆಟೊಗೆ ಕ್ರೇಟ್ ತುಂಬಿಕೊಂಡು ಮಾರುಕಟ್ಟೆಗೆ ಹೊರಟರೆ ಅವನ ರಕ್ತದಲ್ಲಿ ಇನ್ನೂ 60ರ ಹತ್ತಿರ ಇರುತ್ತದೆ. ಮಿತಿಯ ದುಪ್ಪಟ್ಟು. ಅವನ ಪಾಲಿಗೆ ಅದು ‘ನಿನ್ನೆ ರಾತ್ರಿ’ ಕುಡಿದದ್ದು. ಎದುರಿಗೆ ಹಾಲಿನ ಕ್ಯಾನ್ ಇಟ್ಟುಕೊಂಡು ಟಿವಿಎಸ್‌ನಲ್ಲಿ ಬರುವವನ ಪಾಲಿಗೆ ಅದು ಈಗಲೇ ಕುಡಿದದ್ದು.

ಹತ್ತು ಸಾವಿರದಿಂದ ಮೂವತ್ತು ಲಕ್ಷದವರೆಗೆ

2019ರ ಸೆಪ್ಟೆಂಬರ್ 1ರಿಂದ ಕುಡಿದು ಓಡಿಸಿದರೆ ಮೊದಲ ಸಲ 10,000 ರೂ. ದಂಡ, ಇಲ್ಲವೇ 6 ತಿಂಗಳ ತನಕ ಜೈಲು, ಅಥವಾ ಎರಡೂ. ಎರಡನೇ ಸಲ 15,000 ರೂ. ದಂಡ, ಇಲ್ಲವೇ 2 ವರ್ಷದ ತನಕ ಜೈಲು, ಅಥವಾ ಎರಡೂ. ಡ್ರೈವಿಂಗ್ ಲೈಸೆನ್ಸ್ ಅಮಾನತು ಬೇರೆ. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ‘ಹಿಡಿದರೆ ಹತ್ತು ಸಾವಿರ ಕಟ್ಟಿದ್ರಾಯ್ತು’ ಅನ್ನೋದು ಮಾತು.

ಯಾರಾದರೂ ಸತ್ತರೆ ಲೆಕ್ಕವೇ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ರ ಪ್ರಕಾರ ನಿರ್ಲಕ್ಷ್ಯದಿಂದ ಸಾವು ತಂದರೆ 5 ವರ್ಷದ ತನಕ ಜೈಲು. ಹಳೇ ಐಪಿಸಿ 304ಎ ಅಡಿ ಇದು 2 ವರ್ಷ ಇತ್ತು. ಸಾವು ಆಗಬಹುದು ಅನ್ನುವ ಅರಿವಿದ್ದೂ ಓಡಿಸಿದ ಅಂತ ಸಾಬೀತಾದರೆ 105ನೇ ಸೆಕ್ಷನ್, 10 ವರ್ಷದ ತನಕ ಶಿಕ್ಷೆ. 2006ರ ನವೆಂಬರ್‌ನಲ್ಲಿ ಮುಂಬೈನ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಕಾರು ಹತ್ತಿ, ಪಾದಚಾರಿ ಮಾರ್ಗದಲ್ಲಿ ಮಲಗಿದ್ದ 7 ಕೂಲಿಕಾರರು ಸತ್ತಿದ್ದರು. ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದೇ ತರ್ಕ ಒಪ್ಪಿತು: ಕುಡಿದು ಹಾಗೆ ಓಡಿಸುವವನಿಗೆ ಏನಾಗಬಹುದು ಅನ್ನುವ ಅರಿವು ಇತ್ತು ಎಂದು ಹಿಡಿಯಬಹುದು. ಶಿಕ್ಷೆ ಕೊನೆಗೆ ನಿಂತದ್ದು 3 ವರ್ಷಕ್ಕೆ. 7 ಜೀವಕ್ಕೆ 3 ವರ್ಷ. ತೀರ್ಪು ಅಂತಿಮವಾಗಲು 5 ವರ್ಷಕ್ಕೂ ಹೆಚ್ಚು.

ಇನ್ನು ದುಡ್ಡಿನ ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಸತ್ತವನ ವಯಸ್ಸು 35, ಸ್ವಂತ ದುಡಿಮೆ, ತಿಂಗಳಿಗೆ 15,000 ರೂ. ಆದಾಯ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟ್ ಹಾಕಿಕೊಟ್ಟಿರುವ ಸೂತ್ರದಂತೆ ಮುಂದಿನ ದುಡಿಮೆಗೆಂದು ಶೇ 40 ಸೇರಿಸಿದರೆ 21,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂ. ಇದರ ಮೇಲೆ ಅಂತ್ಯಕ್ರಿಯೆ ಖರ್ಚು, ಬಡ್ಡಿ ಬೇರೆ.

ಇದನ್ನು ಯಾರು ಕೊಡುತ್ತಾರೆ? ‘ಇನ್ಶೂರೆನ್ಸ್ ಇದೆಯಲ್ಲ’ ಅನ್ನೋದು ಎಲ್ಲರ ಧೈರ್ಯ. ಆದರೆ ಕುಡಿದು ಓಡಿಸಿದ್ದು ಸಾಬೀತಾದರೆ ಆ ಕಾರಣ ಮುಂದಿಟ್ಟು ವಿಮಾ ಕಂಪನಿ ತಕರಾರು ಎತ್ತಬಹುದು. 2022ರ ಏಪ್ರಿಲ್‌ನಿಂದ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ. ಹಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು ‘ಮೊದಲು ನೊಂದವರಿಗೆ ಕೊಡಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ’ ಎನ್ನುತ್ತವೆ. ಅಂದರೆ ಕೊನೆಗೆ ಹೊರೆ ಮಾಲೀಕನ ತಲೆಗೇ. ತಿಂಗಳಿಗೆ 15,000 ದುಡಿಯುವವನು ಈ ಮೊತ್ತ ತೀರಿಸಲು ಒಂದು ರೂಪಾಯಿ ತಿನ್ನದೆ ಕಟ್ಟಿದರೂ 16 ವರ್ಷ ದಾಟುತ್ತದೆ. ಅವನ ಸ್ವಂತ ಗಾಡಿಯ ರಿಪೇರಿಗೆ ವಿಮೆ ಸಿಗಲ್ಲ. ಕುಡಿದು ಓಡಿಸಿ ಅವನೇ ಸತ್ತರೆ ಮಾಲೀಕ-ಚಾಲಕನಿಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಅವನ ಹೆಂಡತಿ ಮಕ್ಕಳ ಕೈಗೆ ಸಿಗಲ್ಲ.

ಕೀ ಕೊಟ್ಟವರ ಹೊಣೆ

ಅಂಗಡಿಯವರು, ಗೂಡ್ಸ್ ಗಾಡಿ ಇಟ್ಟುಕೊಂಡವರು ಗಮನಿಸಬೇಕಾದ್ದು ಇಲ್ಲೇ. ಹಾರ್ಡ್‌ವೇರ್ ಅಂಗಡಿಯ ಹುಡುಗ, ಸಿಮೆಂಟ್ ಇಳಿಸುವ ಟೆಂಪೋ ಡ್ರೈವರ್, ಹೋಟೆಲಿಗೆ ತರಕಾರಿ ತರುವವನು, ಇವರಲ್ಲಿ ಯಾರೇ ಅಂಗಡಿ ಕೆಲಸದ ಮೇಲೆ ಹೋಗಿ ಗುದ್ದಿದರೂ ಪರಿಹಾರದ ಹೊಣೆ ಮಾಲೀಕನ ಮೇಲೆ ಬರುತ್ತದೆ. ‘ಅವನು ಕುಡಿದಿದ್ದು ನಂಗೆ ಗೊತ್ತಿರಲಿಲ್ಲ ಸಾರ್’ ಅಂದರೆ ಕ್ಲೇಮ್ ಕೋರ್ಟಿನಲ್ಲಿ ಅದು ನೊಂದವರ ಪಾಲನ್ನು ಕಡಿಮೆ ಮಾಡಲ್ಲ. ಗೊತ್ತಿದ್ದೂ ಕೀ ಕೊಟ್ಟಿದ್ದರೆ ಇನ್ನೊಂದು ಹೆಜ್ಜೆ ಮುಂದೆ: ಕಾಯ್ದೆಯ 188ನೇ ಸೆಕ್ಷನ್ ಪ್ರಕಾರ ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಿಗಿರುವಷ್ಟೇ ಶಿಕ್ಷೆ.

ಗಾಡಿ ಮಾರಿದವರದು ಇನ್ನೊಂದು ತಾಪತ್ರಯ. ಆರ್‌ಸಿ ವರ್ಗಾವಣೆ ಮಾಡಿಸದೆ ‘ಆಮೇಲೆ ಮಾಡ್ಕೊಳ್ಳಿ’ ಅಂತ ಬೈಕ್ ಕೊಟ್ಟಿದ್ದರೆ, ಕಾಗದದಲ್ಲಿ ಹೆಸರಿರುವವನೇ ಮಾಲೀಕ. ಕೊಂಡವನು ಕುಡಿದು ಗುದ್ದಿದ ದಿನ ನೋಟಿಸ್ ಬರೋದು ಮಾರಿದವನ ಮನೆಗೆ.

ಹನ್ನೊಂದನೇ ದಿನದ ನಂತರ

ಸುದ್ದಿ ಸಾಮಾನ್ಯವಾಗಿ ಅಂತ್ಯಕ್ರಿಯೆಗೆ ಮುಗಿಯುತ್ತದೆ. ಮನೆಯವರಿಗೆ ಶುರುವಾಗುವುದು ಹನ್ನೊಂದನೇ ದಿನದ ಊಟ ಮುಗಿಸಿ ನೆಂಟರು ಬಸ್ ಹತ್ತಿದ ಮೇಲೆ. ಮರಣ ಪ್ರಮಾಣಪತ್ರ, ನಾಡಕಚೇರಿಯಲ್ಲಿ ವಂಶವೃಕ್ಷ, ಮರಣೋತ್ತರ ಪರೀಕ್ಷೆಯ ವರದಿ, ಠಾಣೆಯಿಂದ ಎಫ್‌ಐಆರ್ ಪ್ರತಿ, ವಕೀಲರ ಆಫೀಸು. ಪ್ರತಿ ಕೌಂಟರಿನಲ್ಲೂ ಆಕೆ ಅದೇ ಮಾತು ಹೇಳಬೇಕು: ‘ನಮ್ಮ ಯಜಮಾನ್ರು ಹೋಗ್ಬಿಟ್ರು ಸಾರ್.’ ಒಂದು ದಿನದಲ್ಲಿ ನಾಲ್ಕು ಸಲ ಹೇಳಿದರೆ ನಾಲ್ಕು ಸಲವೂ ಅದು ಹೊಸದಾಗಿಯೇ ಬರುತ್ತದೆ.

ಸಾಲ ನಿಲ್ಲಲ್ಲ. ಸಂಘದ ವಾರದ ಕಂತು, ಒಡವೆ ಅಡ, ದಿನಸಿ ಅಂಗಡಿಯ ಪುಸ್ತಕದಲ್ಲಿ ಅವನ ಹೆಸರಲ್ಲೇ ಇರುವ ಬಾಕಿ. ಅಂಗಡಿಯವರು ಆ ಪುಟ ತಿರುಗಿಸುವಾಗ ಕೇಳಲೂ ಆಗಲ್ಲ, ಬಿಡಲೂ ಆಗಲ್ಲ. ರಾಜ್ಯ ಸರ್ಕಾರದ ನಿರ್ಗತಿಕ ವಿಧವಾ ವೇತನ ತಿಂಗಳಿಗೆ 800 ರೂ. ದಿನಕ್ಕೆ 500 ತರುತ್ತಿದ್ದವನ ಜಾಗದಲ್ಲಿ ತಿಂಗಳಿಗೆ 800. ಮೊದಲು ನಿಲ್ಲುವುದು ಸಾಮಾನ್ಯವಾಗಿ ದೊಡ್ಡ ಮಗಳ ಕಾಲೇಜು, ಅಥವಾ ಮಗನ ಐಟಿಐ.

ಬದುಕುಳಿದವರ ಕಥೆ ಇನ್ನೂ ಉದ್ದ. ತಲೆಗೆ ಪೆಟ್ಟು ಬಿದ್ದವನು ಮನೆಗೆ ವಾಪಸ್ ಬಂದಾಗ ಊರೆಲ್ಲ ‘ಪುಣ್ಯ, ಜೀವ ಉಳೀತು’ ಅನ್ನುತ್ತದೆ. ಆರು ತಿಂಗಳ ಮೇಲೆ ಅವನು ಸಣ್ಣದಕ್ಕೂ ಸಿಟ್ಟಾಗುತ್ತಾನೆ, ಹೇಳಿದ್ದು ಮರೆಯುತ್ತಾನೆ, ಒಬ್ಬನೇ ಹೊರಗೆ ಕಳಿಸಲು ಹೆದರಿಕೆ. ಅವನನ್ನು ನೋಡಿಕೊಳ್ಳಲು ತಾಯಿಯೋ ಹೆಂಡತಿಯೋ ಕೂಲಿ ಬಿಡಬೇಕು. ಒಬ್ಬನ ದುಡಿಮೆ ಹೋದ ಮನೆಯಲ್ಲಿ ಇಬ್ಬರ ದುಡಿಮೆ ಹೋಗುತ್ತದೆ.

ಕಾಯಿಲೆಯಿಂದ ಹೋದವರ ಮನೆಯಲ್ಲೂ ದುಃಖ ಇರುತ್ತದೆ. ಆದರೆ ಕುಡಿದವನ ಗಾಡಿಗೆ ಸಿಕ್ಕಿ ಹೋದವರ ಮನೆಯಲ್ಲಿ ಅದಕ್ಕೆ ಒಂದು ಮುಳ್ಳು ಜಾಸ್ತಿ. ‘ಹಣೆಬರಹ’ ಅಂತ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಲು ಆಗಲ್ಲ. ಇದು ಆಗದೇ ಇರಬಹುದಿತ್ತು ಅನ್ನೋದು ಅವರಿಗೆ ಗೊತ್ತು. ಅವನು ಆಟೊದಲ್ಲಿ ಹೋಗಿದ್ದರೆ, ಯಾರಾದರೂ ಕೀ ಕಿತ್ತುಕೊಂಡಿದ್ದರೆ ಅನ್ನುವ ‘ರೆ’ಗಳು ವರ್ಷಗಟ್ಟಲೆ ಉಳಿಯುತ್ತವೆ. ತಾಯಂದಿರಂತೂ ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ: ‘ಅವತ್ತು ಹಾಲು ತರೋಕೆ ನಾನೇ ಕಳಿಸ್ದೆ.’

ತಾಲ್ಲೂಕು ಊರುಗಳಲ್ಲಿ ಇನ್ನೊಂದು ಸಂಗತಿ ಇದೆ. ದೊಡ್ಡ ನಗರದಲ್ಲಿ ಗುದ್ದಿದವನೂ ನೊಂದವರೂ ಕೋರ್ಟ್ ಬಿಟ್ಟರೆ ಬೇರೆಲ್ಲೂ ಎದುರಾಗಲ್ಲ. ಇಲ್ಲಿ ಒಂದೇ ಸಂತೆ, ಒಂದೇ ಬಸ್ ಸ್ಟ್ಯಾಂಡ್, ಒಂದೇ ಜಾತ್ರೆ. ಗುದ್ದಿದವನ ಮಗಳೂ ಸತ್ತವನ ಮಗನೂ ಒಂದೇ ಶಾಲೆಯಲ್ಲಿ ಇರಬಹುದು. ಗುದ್ದಿದವನ ಮನೆಯೂ ಸುಖವಾಗಿರಲ್ಲ. ಕೋರ್ಟಿಗೆ ಅಲೆಯಲು ಜಮೀನು ಅಡ ಬೀಳುತ್ತದೆ, ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ, ಅವನ ಹೆಂಡತಿ ತಲೆ ತಗ್ಗಿಸಿ ನಡೆಯುತ್ತಾಳೆ. ಆಕೆ ಕುಡಿದಿರಲಿಲ್ಲ, ಗಾಡಿ ಓಡಿಸಿರಲಿಲ್ಲ.

ರಾಜಿ ಪಂಚಾಯ್ತಿಯ ಅಪಾಯ

ಅಪಘಾತದ ವಾರದೊಳಗೆ ಹಿರಿಯರು, ಮುಖಂಡರು ಕೂತು ಮಾತು ಮುಗಿಸುವುದು ಹಲವು ಕಡೆ ಇದೆ. ‘ಹೋದ ಜೀವ ವಾಪಸ್ ಬರಲ್ಲ, ಅವನಿಗೂ ಮಕ್ಕಳಿದಾರೆ, ಇಷ್ಟು ತಗೊಂಡು ಮುಗಿಸ್ಕೊಳ್ಳಿ’ ಅನ್ನುವ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಒಂದೇ ಊರಲ್ಲಿ ಇರಬೇಕಾದವರು ದ್ವೇಷ ಬೇಡ ಅನ್ನುತ್ತಾರೆ.

ಆದರೆ ನೊಂದ ಮನೆಯವರು ಮೂರು ವಿಷಯ ತಿಳಿದಿರಬೇಕು. ಒಂದು, ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ ರಾಜಿಗೆ ಒಳಪಡುವಂಥದ್ದಲ್ಲ. ಪಂಚಾಯ್ತಿ ಕಾಗದದಿಂದ ಕೇಸು ಮುಗಿಯಲ್ಲ, ಸಾಕ್ಷಿಗಳು ಮಾತ್ರ ತಿರುಗಿ ಬೀಳುತ್ತಾರೆ. ಎರಡು, ಅವಸರದಲ್ಲಿ ಹಾಕಿದ ಸಹಿ ಮುಂದೆ ಕ್ಲೇಮ್ ಕೋರ್ಟಿನಲ್ಲಿ ಅವರಿಗೇ ತೊಡಕಾಗಬಹುದು. ಒಂದೆರಡು ಲಕ್ಷಕ್ಕೆ ಒಪ್ಪಿದವರು ಕಾನೂನಿನ ಲೆಕ್ಕದಲ್ಲಿ 30 ಲಕ್ಷಕ್ಕೆ ಅರ್ಹರಿರಬಹುದು. ಮೂರು, ತಿದ್ದುಪಡಿಯಾದ ಕಾಯ್ದೆ ಪ್ರಕಾರ ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಹಾಕಬೇಕು. ಮಾತುಕತೆಯಲ್ಲಿ ಆ ದಿನಗಳು ಕಳೆದುಹೋಗಬಾರದು. ವಕೀಲರ ಫೀಸಿಗೆ ಆಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು; ನ್ಯಾಯಾಲಯದ ಆವರಣದಲ್ಲೇ ವಿಚಾರಿಸಿದರೆ ಸಾಕು.

ಬದಲಾಗಬೇಕಾದ್ದು ಎಲ್ಲಿ?

ಸರ್ಕಾರದ ಪಾತ್ರ ಇಲ್ಲಿ ಎರಡು ದೋಣಿಯಲ್ಲಿ ಕಾಲಿಟ್ಟಂತಿದೆ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂ. ಇನ್ನೊಂದು ಕಡೆ ಕುಡಿದು ಓಡಿಸಬೇಡಿ ಅಂತ ಫಲಕ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತ್ತು. 2017ರಲ್ಲಿ ಅದನ್ನು ಸಡಿಲಿಸಿ, ಪುರಸಭೆ ನಗರಸಭೆ ವ್ಯಾಪ್ತಿಗೆ ಆದೇಶ ಅನ್ವಯಿಸಲ್ಲ ಎಂದು ಸ್ಪಷ್ಟಪಡಿಸಿತು. ಹಾಗಾಗಿ ಊರೊಳಗಿನ ಬಾರಿನ ಮುಂದೆ ಸಾಲಾಗಿ ನಿಂತ ಬೈಕುಗಳು ಇವತ್ತಿಗೂ ಹಾಗೇ ನಿಲ್ಲುತ್ತವೆ. ಕುಡಿಯಲು ಪರವಾನಗಿ ಇದೆ, ವಾಪಸ್ ಹೋಗಲು ವ್ಯವಸ್ಥೆ ಇಲ್ಲ. ಹಳ್ಳಿಗೆ ಕೊನೆ ಬಸ್ಸು ಸಂಜೆಗೇ ಹೋಗಿಬಿಟ್ಟರೆ ಉಳಿಯುವುದು ಬೈಕ್ ಒಂದೇ.

ದೊಡ್ಡ ಯೋಜನೆ ಇಲ್ಲದೆಯೂ ಆಗಬಹುದಾದ ಕೆಲಸಗಳಿವೆ. ಸಾವು ಅಥವಾ ತೀವ್ರ ಗಾಯ ಆದ ಪ್ರತಿ ಅಪಘಾತದಲ್ಲೂ ಚಾಲಕರ ಉಸಿರು, ರಕ್ತ ಪರೀಕ್ಷೆ ತಡವಿಲ್ಲದೆ ಆಗಬೇಕು. 185ರಲ್ಲಿ ಬಂಧಿಸಿದವನ ವೈದ್ಯಕೀಯ ಪರೀಕ್ಷೆ 2 ಗಂಟೆಯೊಳಗೆ ಆಗಬೇಕೆಂದು ಕಾನೂನೇ ಹೇಳುತ್ತದೆ. ತಪಾಸಣೆ ಹೆದ್ದಾರಿಯಲ್ಲಿ, ಹೊಸ ವರ್ಷದ ರಾತ್ರಿ ಮಾತ್ರ ಇದ್ದರೆ ಸಾಲದು. ಊರಿನ ಅಡ್ಡರಸ್ತೆಗಳಲ್ಲಿ, ಸಂತೆ ದಿನ, ಬೆಳಗಿನ ಜಾವವೂ ಊದಿಸಬೇಕು. ನಂದಿ ಬೆಟ್ಟದ ಕಡೆಗೆ ವಾರಾಂತ್ಯ ಬರುವ ಗಾಡಿಗಳಿಗೂ ಇದೇ ಮಾತು. ಬಾರ್ ಗೋಡೆಯ ಮೇಲೆ ರಾತ್ರಿ ಸಿಗುವ ನಾಲ್ಕು ಆಟೊದವರ ನಂಬರ್ ಬರೆಸಲು ಯಾವ ಆದೇಶವೂ ಬೇಕಿಲ್ಲ.

ಅಂಗಡಿಯವರು ಕೀ ತಮ್ಮ ಕೌಂಟರಿನಲ್ಲೇ ಇಟ್ಟುಕೊಳ್ಳಬಹುದು. ಬೆಳಿಗ್ಗೆ ಲೋಡಿಗೆ ಹೋಗಬೇಕಾದ ಡ್ರೈವರ್ ರಾತ್ರಿ ಹಾಕಿದ್ದಾನೆ ಅಂತ ಗೊತ್ತಾದರೆ ಎರಡು ಗಂಟೆ ತಡವಾಗಿ ಕಳಿಸುವುದಲ್ಲ, ಅವತ್ತು ಬೇರೆಯವರನ್ನು ಕಳಿಸುವುದು. ಒಂದು ಲೋಡಿನ ನಷ್ಟ ಒಂದು ವಾರದಲ್ಲಿ ತುಂಬುತ್ತದೆ.

ಅಪಘಾತ ಕಂಡವರು ಹಿಂಜರಿಯಬೇಕಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳಲು ಬಲವಂತ ಮಾಡುವಂತಿಲ್ಲ, ಕೇಸಿಗೆ ಎಳೆಯುವಂತಿಲ್ಲ ಎಂದು ಕಾಯ್ದೆಯ 134ಎ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದ ತನಕ, 1.5 ಲಕ್ಷ ರೂ. ವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶ ಇದೆ. ಆಸ್ಪತ್ರೆಯಲ್ಲಿ ಇದನ್ನು ಕೇಳಬೇಕು.

ಉಳಿದದ್ದು ಮನೆ, ಗೆಳೆಯರ ಮಟ್ಟದ್ದು. ತಿಥಿ ಊಟ, ಬೀಗರೂಟ, ಚುನಾವಣೆ ಗೆದ್ದ ಪಾರ್ಟಿ, ಎಲ್ಲ ಕಡೆ ಕುಡಿಸುವವರು ಇರುತ್ತಾರೆ. ‘ಗಾಡಿ ಇಲ್ಲೇ ಬಿಡು, ಬೆಳಿಗ್ಗೆ ತಗೊಂಡು ಹೋಗು’ ಅನ್ನುವವರು ಕಮ್ಮಿ. ಆ ಮಾತು ಹೇಳಿದರೆ ಒಂದು ರಾತ್ರಿ ಸ್ನೇಹ ಕೆಡಬಹುದು. ಬೈಸಿಕೊಳ್ಳಲೂಬಹುದು. ಮಾರನೇ ದಿನ ಬಂದು ಕೀ ಕೇಳಲು ಅವನು ಇರುತ್ತಾನೆ. ಎದುರಿನ ಗಾಡಿಯಲ್ಲಿ ಬರಬೇಕಿದ್ದವನೂ ಅವನ ಮನೆ ಸೇರಿರುತ್ತಾನೆ.